ಆಡದ ಜಗಳಕ್ಕೊಂದು ರಾಜಿ ಪಂಚಾಯಿತಿ

೨೦೨೩ರ ಏಪ್ರಿಲ್‌ನಲ್ಲಿ ನಾನು ಮ್ಯೂನಿಕ್ ನಗರದಲ್ಲಿ ಸ್ವಂತ ಕೌನ್ಸೆಲಿಂಗ್ ಪ್ರಾಕ್ಟೀಸ್ ಆರಂಭಿಸಿದೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಎಂ.ಎಸ್‌ಸಿ. ಮುಗಿಸಿ, ಇಲ್ಲಿಗೆ ಬಂದು ಜರ್ಮನ್ ಕಲಿತು, ಇಲ್ಲಿನ ಆರೋಗ್ಯ ಇಲಾಖೆಯ ಲಿಖಿತ ಮತ್ತು ಮೌಖಿಕ ಪರೀಕ್ಷೆಗಳನ್ನು ದಾಟಿ ಪಡೆದ ಪರವಾನಗಿ ಅದು. ಆ ಪರವಾನಗಿಯ ಜರ್ಮನ್ ಹೆಸರನ್ನು ಪೂರ್ತಿ ಹೇಳುವುದರೊಳಗೆ ರೋಗಿ ತಾನೇ ಗುಣವಾಗಿ ಮನೆಗೆ ಹೋಗಿರುತ್ತಾನೆ. ಆದ್ದರಿಂದ ಇಲ್ಲಿ ಹೇಳುವುದಿಲ್ಲ. ಅದರ ಪ್ರಕಾರ ನಾನು ಮಾತಿನ ಚಿಕಿತ್ಸೆ ಕೊಡಬಹುದು. ಮಾತ್ರೆ ಬರೆಯುವಂತಿಲ್ಲ. ಡಾಕ್ಟರ್ ಎಂದು ಕರೆದುಕೊಳ್ಳುವಂತಿಲ್ಲ. ಈ ಕೊನೆಯ ಷರತ್ತನ್ನು ನನ್ನ ಅಮ್ಮನಿಗೆ ಇನ್ನೂ ಯಾರೂ ತಿಳಿಸಿಲ್ಲ.

ಫಿಸಿಯೋಥೆರಪಿಸ್ಟ್ ಫ್ರೌ (ಅಂದರೆ ಶ್ರೀಮತಿ) ಹೂಬರ್ ಅವರ ಕ್ಲಿನಿಕ್ಕಿನ ಹಿಂದಿನ ಕೋಣೆ ವಾರಕ್ಕೆ ಮೂರು ದಿನ ನನ್ನದು. ಎರಡು ಕುರ್ಚಿ, ಒಂದು ಟಿಶ್ಯೂ ಡಬ್ಬಿ, ಮೂಲೆಯಲ್ಲಿ ಅವರದೇ ಒಂದು ಪ್ಲಾಸ್ಟಿಕ್ ಅಸ್ಥಿಪಂಜರ. ಅದನ್ನು ಅಲುಗಾಡಿಸುವಂತಿಲ್ಲ ಎಂಬುದು ಬಾಡಿಗೆಯ ಷರತ್ತು. ಬಂದವರು ಅದನ್ನು ನನ್ನ ಹಳೆಯ ಕ್ಲೈಂಟ್ ಎಂದುಕೊಳ್ಳದಿರಲಿ ಎಂದು ಹೆಗಲಿಗೊಂದು ಶಾಲು ಹೊದಿಸಿದ್ದೆ. ಶಾಲು ಹೊದಿಸಿದ ಮೇಲೆ ಸನ್ಮಾನಿತ ಕ್ಲೈಂಟ್‌ನಂತೆ ಕಾಣತೊಡಗಿತು.

ಕೋಣೆ ಸಿದ್ಧವಾಯಿತು, ಜನ ಬರಲಿಲ್ಲ. ಕಾರಣ ನನ್ನ ಬಾಯಿ. ಇಲ್ಲಿನ ಕನ್ನಡ ಬಳಗದ ಯುಗಾದಿ, ರಾಜ್ಯೋತ್ಸವಗಳಲ್ಲಿ ಮಿಮಿಕ್ರಿ ಮಾಡುವವನು ನಾನೇ. ಖಜಾಂಚಿಯ ಕೆಮ್ಮು, ಅಧ್ಯಕ್ಷರ ಭಾಷಣ, ಯಾವುದನ್ನೂ ಬಿಟ್ಟವನಲ್ಲ. ಬಳಗದ ಅಡುಗೆ ಉಸ್ತುವಾರಿಯ ಕಮಲಾ ಆಂಟಿ ಉದ್ಘಾಟನೆಯ ದಿನವೇ ಹೇಳಿಬಿಟ್ಟರು: "ಚೇತೂ, ನಿನ್ ಮುಂದೆ ಬಂದು ಅತ್ತರೆ ನವೆಂಬರ್‌ನಲ್ಲಿ ಸ್ಟೇಜ್ ಮೇಲೆ ಅದನ್ನೇ ತೋರಿಸ್ತೀಯ ಕಣೋ."

ಬಾರದವರೆಲ್ಲ ಫೋನ್ ಮಾತ್ರ ಮಾಡುತ್ತಿದ್ದರು. "ಗುರು, ನನ್ ಫ್ರೆಂಡ್ ಒಬ್ಬನಿಗೆ ರಾತ್ರಿ ನಿದ್ದೆ ಬರಲ್ವಂತೆ." "ಚೇತನ್, ನನ್ನ ಒಬ್ಳು ಫ್ರೆಂಡ್‌ಗೆ ಸುಮ್ಸುಮ್ನೆ ಅಳು ಬರುತ್ತಂತೆ." ಎರಡು ತಿಂಗಳು ಕೇಳಿದ ಮೇಲೆ ನನಗೆ ಖಚಿತವಾಯಿತು: ಮ್ಯೂನಿಕ್ ಕನ್ನಡಿಗರೆಲ್ಲ ಆರೋಗ್ಯವಾಗಿದ್ದಾರೆ, ಹದಗೆಟ್ಟಿರುವುದು ಅವರ ಫ್ರೆಂಡ್‌ಗಳು ಮಾತ್ರ.

ಜೂನ್‌ನಲ್ಲಿ, ಫ್ರೆಂಡನ್ನು ಜೊತೆಗೆ ತಾರದೆ, ಬಳಗದ ಹಳೆಯ ಸದಸ್ಯ ರಾಘು ಬಂದ. ಹೆಸರು ಬದಲಿಸಿದ್ದೇನೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಓದಿ ಒಂದೇ ಒಂದು ತಿದ್ದುಪಡಿ ಕೇಳಿದ: "ಹೈಟು ಸ್ವಲ್ಪ ಜಾಸ್ತಿ ಹಾಕು, ಮಗಾ." ಆಗಲಿ. ಆರಡಿ ಎತ್ತರದ ರಾಘು ಮೇ ತಿಂಗಳಲ್ಲಿ ಗಾರ್ಕಿಂಗ್‌ನ ಒಂದು ಸಂಶೋಧನಾ ಸಂಸ್ಥೆಗೆ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ್ದ. ಮನೆ ಊರಿನ ದಕ್ಷಿಣ ತುದಿಯಲ್ಲಿ, ಕೆಲಸ ಉತ್ತರದ ತುದಿಯಾಚೆ, ನಡುವೆ ಯೂ-ಬಾನ್, ಅಂದರೆ ಸುರಂಗದ ರೈಲು. ಒಂದು ಬೆಳಿಗ್ಗೆ ಸುರಂಗದೊಳಗೆ ರೈಲು ಸ್ವಲ್ಪ ಹೊತ್ತು ನಿಂತಿತು. ಎದೆ ಹೊಡೆದುಕೊಂಡಿತು, ಕೈ ಮರಗಟ್ಟಿತು, ಇಲ್ಲೇ ಸತ್ತೆ ಅನ್ನಿಸಿತು. ಇದಕ್ಕೆ ಪ್ಯಾನಿಕ್ ಅಟ್ಯಾಕ್ ಎನ್ನುತ್ತೇವೆ: ಅಪಾಯ ಇಲ್ಲದ ಕಡೆ ದೇಹವೇ ಅಪಾಯದ ಗಂಟೆ ಬಾರಿಸುವುದು. ಅಂದಿನಿಂದ ಅವನು ರೈಲು ಹತ್ತಿರಲಿಲ್ಲ. ಊರಿಗೆ ಊರೇ ದಾಟಿ ಸೈಕಲ್ ತುಳಿಯುತ್ತಿದ್ದ. ದಿನವೂ ತಡ, ದಿನವೂ ಪಂಕ್ಚರ್ ಎಂಬ ನೆಪ.

"ಪ್ರೋಬೆಟ್ಸೈಟ್ ನಡೀತಿದೆ," ಎಂದ. ಅದು ಪರೀಕ್ಷಾರ್ಥ ಅವಧಿ, ಆರು ತಿಂಗಳು. ಅದರೊಳಗೆ ಕಾರಣ ಹೇಳದೆಯೇ ಮನೆಗೆ ಕಳಿಸಬಹುದು. ಕೆಲಸ ಹೋದರೆ ವೀಸಾ ಅಲುಗಾಡುತ್ತದೆ. "ನನ್ ಹೆಂಡ್ತಿ ಶ್ರುತಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಮ್ಮ ಆಫೀಸಲ್ಲೂ ಒಬ್ಬ ಕನ್ನಡದವನಿದಾನೆ. ಇವನಿಗೆ ತಲೆ ಕೆಟ್ಟಿದೆ ಅಂತ ಒಬ್ಬರ ಬಾಯಿಂದ ಹೊರಟರೆ ಸಾಕು ಗುರು, ಮುಗೀತು."

ಮೊದಲು ಫ್ಯಾಮಿಲಿ ಡಾಕ್ಟರ್ ಬಳಿ ಕಳಿಸಿ ಹೃದಯದ ಪರೀಕ್ಷೆ ಮಾಡಿಸಿದೆ, ಹೃದಯ ಗಟ್ಟಿಯಾಗಿತ್ತು. ಆಮೇಲೆ ನಿಯಮ ವಿವರಿಸಿದೆ. ನೀನು ಹೇಳಿದ್ದು ಈ ಕೋಣೆ ದಾಟುವುದಿಲ್ಲ. ಹೊರಗೆ ಎದುರಾದರೆ ನಾನಾಗಿ ಮಾತಾಡಿಸುವುದಿಲ್ಲ, ಮಾತಾಡಿಸಿದರೆ ಪಕ್ಕದವರು "ಇವರು ಹೇಗೆ ಪರಿಚಯ?" ಎಂದು ಕೇಳುತ್ತಾರೆ, ನೀನು ಸುಳ್ಳು ಹೇಳಬೇಕಾಗುತ್ತದೆ.

"ಸೂಪರ್ ರೂಲು," ಎಂದ ರಾಘು.

ಸೂಪರ್ ರೂಲೇ, ಜರ್ಮನರಿಗೆ. ಇಲ್ಲಿ ಮೇಲಿನ ಮನೆಯವನ ಜೊತೆ ವರ್ಷಗಟ್ಟಲೆ "ಮೋರ್ಗನ್", ಅಂದರೆ ಶುಭೋದಯ, ಎಂಬ ಒಂದೇ ಪದದಲ್ಲಿ ಸಂಸಾರ ಸಾಗುತ್ತದೆ. ಈ ನಿಯಮವನ್ನು ಕನ್ನಡಿಗರ ಮೇಲೆ ಪ್ರಯೋಗಿಸಿದರೆ ಏನಾಗುತ್ತದೆ ಎಂದು ಪರೀಕ್ಷೆಯಲ್ಲಿ ಯಾರೂ ಕೇಳಿರಲಿಲ್ಲ.

ಹೆದರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಚಿಕಿತ್ಸೆಗೆ ಎಕ್ಸ್‌ಪೋಷರ್ ಎನ್ನುತ್ತೇವೆ. ಮೊದಲ ಮೆಟ್ಟಿಲು ಕೋಣೆಯಲ್ಲೇ. ರಾಘು ಕಣ್ಣು ಮುಚ್ಚಿ ಕೂತ, ನಾನು ರೈಲಾದೆ. ಬ್ರೇಕಿನ ಕೀರಲು, ಬಾಗಿಲು ಮುಚ್ಚುವ ಮುನ್ನ ಬರುವ "ಟ್ಸೂರೂಕ್‌ಬ್ಲೈಬೆನ್, ಬಿಟ್ಟೆ", ಅಂದರೆ ಹಿಂದೆ ಸರಿಯಿರಿ ಎಂಬ ಘೋಷಣೆ, ಸುರಂಗದ ಗಾಳಿ. ಅವನ ಹಣೆಯಲ್ಲಿ ಬೆವರು ಮೂಡಿತು, ಉಸಿರಾಟದ ಅಭ್ಯಾಸ ಮಾಡಿದ, ಇಳಿಯಿತು. ಮತ್ತೆ ರೈಲು ಬಿಟ್ಟೆ. ಈ ಬಾರಿ ಕೋಣೆಯ ಬಾಗಿಲನ್ನೇ ಬಡಿದ ಸದ್ದು. ಫ್ರೌ ಹೂಬರ್ ಇಣುಕಿ, ನನ್ನನ್ನೂ ಶಾಲು ಹೊದ್ದ ಅಸ್ಥಿಪಂಜರವನ್ನೂ ನೋಡಿ, "ಹೆರ್ ಚೇತನ್, ನನ್ನ ಪೇಷೆಂಟ್ ಬೆನ್ನು ಕೊಟ್ಟು ಮಲಗಿದ್ದಾರೆ. ನಿಮ್ಮ ರೈಲು ಎಷ್ಟು ಹೊತ್ತಿಗೆ ಹೊರಡುತ್ತದೆ?" ಎಂದರು. ನಗದೆ.

ಆಮೇಲೆ ಪ್ಲಾಟ್‌ಫಾರ್ಮಿನಲ್ಲಿ ನಿಂತೆವು. ಆಮೇಲೆ ಜೊತೆಗೆ ಕೂತು ಒಂದು ಸ್ಟೇಷನ್. ಜುಲೈ ಕೊನೆಗೆ ನಾಲ್ಕನೇ ಮೆಟ್ಟಿಲು: ಒಂದೇ ಬೋಗಿ, ಅವನು ಆ ತುದಿ, ನಾನು ಈ ತುದಿ. ಅವನು ಹಲ್ಲು ಕಚ್ಚಿ ಕಂಬ ಹಿಡಿದು ಉಸಿರು ಎಣಿಸುತ್ತಿದ್ದ. ಚೆನ್ನಾಗಿಯೇ ಸಾಗುತ್ತಿತ್ತು. ಮರೀನ್‌ಪ್ಲಾಟ್ಸ್‌ನಲ್ಲಿ, ಎರಡು ಚೀಲ ಸೊಪ್ಪಿನೊಂದಿಗೆ ಕಮಲಾ ಆಂಟಿ ಹತ್ತಿದರು. ನನ್ನ ಪಕ್ಕವೇ ಕೂತರು.

"ಏ ಚೇತೂ, ಅಲ್ನೋಡೋ, ರಾಘು! ಮಾತಾಡ್ಸಲ್ವಾ?"

"ಯಾರನ್ನ, ಆಂಟಿ?" ಎಂದು ಕಿಟಕಿಯಾಚೆ ನೋಡತೊಡಗಿದೆ.

ಸುರಂಗದಲ್ಲಿ ಕಿಟಕಿಯಾಚೆ ನೋಡುವವನನ್ನು ಯಾರು ನಂಬುತ್ತಾರೆ?

ಸಂಜೆಯ ಹೊತ್ತಿಗೆ ಬಳಗಕ್ಕೆಲ್ಲ ಸುದ್ದಿ: ಚೇತುಗೂ ರಾಘುಗೂ ಮುಖ ಕೊಟ್ಟು ಮಾತಿಲ್ಲ, ರಾಘು ಕೆಂಪಗಾಗಿ ಹಲ್ಲು ಕಚ್ಚಿಕೊಂಡಿದ್ದನಂತೆ. ಕಾರಣಗಳೂ ಹುಟ್ಟಿದವು. ಯುಗಾದಿಯಲ್ಲಿ ನಾನು ಅವನ ನಡಿಗೆ ಅಣಕಿಸಿದ್ದೆನಂತೆ. ಶ್ರುತಿಯ ಬಿಸಿಬೇಳೆ ಬಾತಿಗೆ ಅನ್ನ-ಸಾಂಬಾರ್ ಎಂದಿದ್ದೆನಂತೆ. ಇಬ್ಬರು ಗೆಳೆಯರು ಫೋನ್ ಮಾಡಿ, "ನಾವು ನಿನ್ ಕಡೆ ಮಗಾ, ಅವನದ್ದೇ ತಪ್ಪು," ಎಂದು ಧೈರ್ಯ ಹೇಳಿದರು. ಯಾವುದಕ್ಕೆ ಎಂದು ಅವರಿಗೂ ತಿಳಿಯದು.

ಆಮೇಲೆ ಸುಬ್ಬರಾವ್ ಅಂಕಲ್ ಕಣಕ್ಕಿಳಿದರು. ದಶಕಗಳಿಂದ ಇಲ್ಲಿಯೇ ನೆಲೆಸಿದ ಭೌತವಿಜ್ಞಾನಿ. ಪರಮಾಣುಗಳ ಕೆಲಸ ಮುಗಿದ ಮೇಲೆ ಬಳಗದ ಜಗಳಗಳಿಗೆ ಕೈ ಹಾಕಿದವರು.

"ಏನಪ್ಪಾ, ರಾಘು ಜೊತೆ ಏನು?"

"ಏನೂ ಇಲ್ಲ, ಅಂಕಲ್."

"ಏನೂ ಇಲ್ಲ ಅಂದ್ರೆ ಏನೋ ಇದೆ."

"ಅಂಕಲ್, ಅದರ ಬಗ್ಗೆ ನಾನು ಮಾತಾಡೋ ಹಾಗಿಲ್ಲ."

"ಅಷ್ಟು ದೊಡ್ಡದಾ!"

ಈ ಉದ್ಯೋಗದ ಪೀಡೆ ನೋಡಿ. ಅವನು ನನ್ನ ಕ್ಲೈಂಟ್ ಎನ್ನುವಂತಿಲ್ಲ, ಅಲ್ಲ ಎನ್ನುವಂತೆಯೂ ಇಲ್ಲ. ಇಷ್ಟು ವರ್ಷ ಬಾಯಿ ಬಿಟ್ಟು ಕೆಟ್ಟವನಾದೆ. ಈಗ ಬಾಯಿ ಮುಚ್ಚಿ ಕೆಡುತ್ತಿದ್ದೆ. ರಾಘುವನ್ನೇ ಕೇಳಿದೆ: ಎಲ್ಲರೆದುರು ನಾಲ್ಕು ಮಾತಾಡಿಬಿಡೋಣವೇ? ಅವನು ತಲೆಯಾಡಿಸಿದ. "ಈಗ ಮಾತಾಡಿದ್ರೆ, ಯಾಕೆ ಬಿಟ್ಟಿದ್ರಿ ಅಂತ ಶುರು ಮಾಡ್ತಾರೆ. ಜಗಳ ಅಂತಾನೇ ಇರಲಿ ಬಿಡು. ಅದಕ್ಕೆ ವೀಸಾ ಹೋಗಲ್ಲ."

ಸೆಪ್ಟೆಂಬರಿನ ಗಣೇಶನ ಹಬ್ಬವನ್ನು ಬಳಗ ಒಂದು ಚರ್ಚಿನ ಸಭಾಂಗಣದಲ್ಲಿ ಮಾಡುತ್ತದೆ. ಊಟದ ಸಾಲಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು. ಅಂಕಲ್ ರಾಘುವಿನ ಭುಜ ಹಿಡಿದು ತಂದು ಅಲ್ಲಿ ಕೂರಿಸಿದರು. ಕೋಸಂಬರಿ ಬಂತು, ಕಡುಬು ಬಂತು, ಅಂಕಲ್ ಎದ್ದು ನಿಂತು ಲೋಟಕ್ಕೆ ಚಮಚ ಬಡಿದರು.

"ಹೊರದೇಶದಲ್ಲಿ ನಾವಿರೋದೇ ಬೆರಳೆಣಿಕೆ ಜನ. ಇಬ್ಬರು ಹುಡುಗರು ಮಾತು ಬಿಟ್ಟಿದಾರೆ. ಏನಿದೆಯೋ ಅದನ್ನ ಗಣಪತಿ ಮುಂದೆ ಹೇಳಿ, ಕೈ ಕುಲುಕಿ, ಮುಗಿಸಿಬಿಡಿ. ಹೇಳಿಯಪ್ಪಾ, ಕಾರಣ ಏನು?"

ಪಾಯಸದ ಸೌಟೂ ನಿಂತಿತು. ರಾಘುವಿನ ಕತ್ತಿನ ನರ ನನಗೆ ಕಾಣುತ್ತಿತ್ತು. ಅದು ಹೊಡೆದುಕೊಳ್ಳುವ ವೇಗ ಸುರಂಗದ ವೇಗ. ಎದುರು ಸಾಲಿನಲ್ಲೇ ಅವನ ಆಫೀಸಿನ ಕನ್ನಡಿಗ ಕೂತಿದ್ದ. ಪ್ರೋಬೆಟ್ಸೈಟ್ ಮುಗಿಯಲು ಇನ್ನೂ ತಿಂಗಳ ಮೇಲಿತ್ತು. ಬಿಸಿಬೇಳೆ ಬಾತಿನ ತಪ್ಪನ್ನೇ ಒಪ್ಪಿಕೊಂಡುಬಿಡೋಣ ಎಂದು ನಾನು ಕಡುಬು ಕೆಳಗಿಟ್ಟೆ.

ಅಷ್ಟರಲ್ಲಿ ರಾಘು ಎದ್ದ. ಒಂದು ದೀರ್ಘ ಉಸಿರು ತೆಗೆದ. ನಾನು ಹೇಳಿಕೊಟ್ಟದ್ದೇ ಅದು. ತಲೆಯನ್ನು ಎಡಕ್ಕೆ ವಾಲಿಸಿದ. ಕಣ್ಣನ್ನು ಅರ್ಧ ಮುಚ್ಚಿದ. ಇಲ್ಲದ ಟಿಶ್ಯೂ ಡಬ್ಬಿಯನ್ನು ಒಂದೇ ಬೆರಳಲ್ಲಿ ಮುಂದಕ್ಕೆ ತಳ್ಳಿ, ನನ್ನದೇ ದನಿಯಲ್ಲಿ ಹೇಳಿದ:

"ಹ್ಞೂಂ... ಅವಸರ ಇಲ್ಲ... ಆ ಹೆದರಿಕೆ ಮೈಯಲ್ಲಿ ಎಲ್ಲಿ ಗೊತ್ತಾಗ್ತಿದೆ, ರಾಘು?"

ಯಾರಿಗೂ ಅರ್ಥವಾಗಲಿಲ್ಲ. ಅವನು ನಿಲ್ಲಿಸಲಿಲ್ಲ. ಬ್ರೇಕಿನ ಕೀರಲು, "ಟ್ಸೂರೂಕ್‌ಬ್ಲೈಬೆನ್, ಬಿಟ್ಟೆ!", ಬಾಗಿಲ ಬಡಿತ, ಫ್ರೌ ಹೂಬರ್‌ರ ಪ್ರಶ್ನೆ. ಮೊದಲು ನಕ್ಕವಳು ಶ್ರುತಿ, ಕಣ್ಣೀರು ಒರೆಸುತ್ತ. ಆಮೇಲೆ ನಗು ಸಾಲಿಂದ ಸಾಲಿಗೆ ಹತ್ತಿತು.

"ಜಗಳ ಇಲ್ಲ, ಅಂಕಲ್," ಎಂದ ರಾಘು, ತನ್ನ ದನಿಯಲ್ಲಿ. "ನಂಗೆ ಟ್ರೇನಲ್ಲಿ ಪ್ಯಾನಿಕ್ ಆಗುತ್ತೆ. ಇವನ ಹತ್ರ ಹೋಗ್ತಿದೀನಿ. ಹೊರಗೆ ಮಾತಾಡ್ಸಬಾರದು ಅಂತ ಇವನಿಗೊಂದು ರೂಲು. ಪಾಪ, ಬಾಯಿ ಕಟ್ಕೊಂಡು ಒದ್ದಾಡ್ತಿದಾನೆ. ಇವತ್ತು ಇಲ್ಲಿಗೆ ಯೂ-ಬಾನಲ್ಲೇ ಬಂದೆ. ಒಬ್ಬನೇ."

"ಅಯ್ಯೋ, ಅಷ್ಟೇನಾ?" ಎಂದರು ಕಮಲಾ ಆಂಟಿ. ಎರಡು ತಿಂಗಳ ಧಾರಾವಾಹಿ ಮುಗಿದ ನಿರಾಸೆ ಅದರಲ್ಲಿತ್ತು.

ಸುದ್ದಿ ಅಂದೇ ಮೈಸೂರು ಮುಟ್ಟಿತು. ರಾಘುವಿನ ಅತ್ತೆ ಕೊರಿಯರ್‌ನಲ್ಲಿ ತಾಯತ ಕಳಿಸಿದರು. ಅದು ಇಲ್ಲಿನ ಕಸ್ಟಮ್ಸ್‌ನವರ ವಶದಲ್ಲಿ ಬಹಳ ದಿನ ಇತ್ತು, ಅವರೆಲ್ಲ ಈಗ ಧೈರ್ಯವಾಗಿರಬಹುದು. ಆಫೀಸಿನ ಕನ್ನಡಿಗ ಯಾರಿಗಾದರೂ ಹೇಳಿದನೋ ಇಲ್ಲವೋ ನಮಗೆ ತಿಳಿಯದು. ಅಕ್ಟೋಬರ್ ಮುಗಿಯಿತು, ಕೆಲಸ ಉಳಿಯಿತು. ಹೋದದ್ದು ನನ್ನದು ಮಾತ್ರ: ರಾಜ್ಯೋತ್ಸವದಲ್ಲಿ ಮಿಮಿಕ್ರಿಗೆ ಬಳಗದವರು ರಾಘುವನ್ನು ಕರೆದರು. ನನ್ನನ್ನು ನನಗಿಂತ ಚೆನ್ನಾಗಿ ಮಾಡುತ್ತಾನಂತೆ.

ಗುಟ್ಟು ಕಾಯುವುದೆಂದರೆ ಬಾಯಿಗೆ ಬೀಗ ಹಾಕುವುದು ಎಂದು ನಾನು ಪರೀಕ್ಷೆಗೆ ಓದಿದ್ದೆ. ಬೀಗ ನನ್ನದಿರಬಹುದು, ಕೀಲಿ ನನ್ನದಲ್ಲ ಎಂದು ತಿಳಿದದ್ದು ಆ ಊಟದ ಸಾಲಿನಲ್ಲಿ. ಅವನು ತೆರೆಯುವವರೆಗೆ ಜನರ ಕಣ್ಣಲ್ಲಿ ನಾನು ಜಗಳಗಂಟನಾಗಿಯೇ ಇರಬೇಕು. ಅದೂ ಕೆಲಸದ ಭಾಗವೇ.

ಅಂದು ಹೊರಡುವಾಗ (ಇದನ್ನು ಬರೆಯಲೂ ಒಪ್ಪಿಗೆ ಪಡೆದಿದ್ದೇನೆ) ಚಪ್ಪಲಿ ಬಿಟ್ಟಲ್ಲಿ ಸುಬ್ಬರಾವ್ ಅಂಕಲ್ ಒಂಟಿಯಾಗಿ ನಿಂತಿದ್ದರು. ಷೂ ಲೇಸು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದರು.

"ಚೇತು, ನಂಗೊಬ್ಬ ಫ್ರೆಂಡ್ ಇದಾನೆ. ಹೆಂಡತಿ ಹೋದ ಮೇಲೆ ಮನೆಗೆ ಹೋಗೋಕೇ ಮನಸ್ಸು ಬರಲ್ವಂತೆ ಅವನಿಗೆ. ಅದಕ್ಕೇ ಊರವರ ಜಗಳಕ್ಕೆಲ್ಲ ಹೋಗ್ತಿರ್ತಾನೆ."

ಅಣಕಿಸಲು ಅದಕ್ಕಿಂತ ಒಳ್ಳೆಯ ದನಿ ನನಗೆ ಸಿಕ್ಕಿರಲಿಲ್ಲ. ಆದರೂ ಅದನ್ನು ಅಲ್ಲೇ ಬಿಟ್ಟೆ.

"ಕಳಿಸಿ ಅಂಕಲ್. ಆದ್ರೆ ಹೊರಗೆ ಸಿಕ್ಕಾಗ ನಾನಾಗಿ ಮಾತಾಡ್ಸಲ್ಲ ಅಂತ ಅವರಿಗೆ ಹೇಳಿಬಿಡಿ."

ಅಂಕಲ್ ಮತ್ತೆ ಲೇಸು ಬಿಚ್ಚಿದರು.

"ಹಂಗಾದ್ರೆ ನಮ್ಮಿಬ್ಬರಿಗೂ ಜಗಳ ಅಂತಾರಲ್ಲೋ," ಎಂದರು. "ರಾಜಿ ಮಾಡ್ಸೋಕೆ ಯಾರಿದಾರೆ?"