ಪಾಲು ಯಾರ್ಯಾರಿಗೆ?

ಕಾಲು ಚಾಚ್ಕೊಂಡು ಕೂತ್ಕೊಳ್ಳಿ, ನಮ್ಮನ್ನ ಬ್ಯಾಂಕಿಗೆ ತಯಾರು ಮಾಡಿದ ಮಹಾಶಯನ ಕತೆ ಹೇಳ್ತೀನಿ. ಸೋರೋ ಶೀಟು ತೆಗೆದು ಸಿಮೆಂಟಿನ ಮೋಲ್ಡ್ ಹಾಕ್ಸೋಕೆ ನನ್ನ ಮಗಳು ಸರೋಜ ಮನೆ ಅಡ ಇಟ್ಟು ಸಾಲ ಕೇಳಿದ್ಲು. ರಾಬರ್ಟ್‌ಸನ್‌ಪೇಟೆಯಿಂದ ಒಬ್ಬ ಬ್ರೋಕರ್ ಸೆಂಟು ಬಳ್ಕೊಂಡು ಬಂದ.

"ಅಜ್ಜಿ, ಬ್ಯಾಂಕ್ ಸಾಹೇಬ್ರು ಮನೆ ನೋಡೋಕೆ ಬತ್ತಾರೆ. ಸಗಣಿ ವಾಸ್ನೆ ಬಂದ್ರೆ ಸಾಲ ಇಲ್ಲ" ಅಂತ ನಮ್ಮ ಹಸು ಗೌರಿನ ಪಕ್ಕದ ಮನೆ ಹಿತ್ತಲಲ್ಲಿ ಕಟ್ಟಿಸ್ದ. "ಏನು ಕೇಳಿದ್ರೂ ಜಾಸ್ತಿನೇ ಹೇಳು" ಅಂತ ಪಾಠ ಬೇರೆ!

ಸಾಹೇಬ್ರು ಮೈಸೂರು ಕಡೆಯೋರು. ಕೂತ ಮೇಲೆ, "ಅಮ್ಮ, ಇಲ್ಲಿ ಯಾರ್ಯಾರಿಗೆ ಪಾಲಿದೆ?" ಅಂದ್ರು.

ನಮ್ಮನೇಲಿ ಆಡೋದು ತೆಲುಗು. ಪಾಲು ಅಂದ್ರೆ ನಮಗೆ ಹಾಲು.

"ಇಡೀ ಬೀದಿಗೇ ಪಾಲು ಸ್ವಾಮಿ! ಬೆಳಗ್ಗೆ ಎದ್ರೆ ಬಾಗಿಲಿಗೇ ಬತ್ತಾರೆ" ಅಂದೆ.

"ಇಷ್ಟು ಜನರ ಪಾಲಿರೋ ಮನೆಗೆ ಸಾಲ ಕೊಡೋಕಾಗಲ್ಲ" ಅಂತ ಅವರು ಫೈಲು ಮುಚ್ಚಿದ್ರು. ಸರೋಜ ಅಳೋದೊಂದು ಬಾಕಿ. ತೆಲುಗು ಬರೋ ಬ್ರೋಕರ್ರೋ, ಹಸು ಬಚ್ಚಿಟ್ಟಿದ್ದು ಗೊತ್ತಾಗುತ್ತೆ ಅಂತ ಬಾಯೇ ಬಿಡ್ಲಿಲ್ಲ, ಮುಠ್ಠಾಳ.

ಅಷ್ಟರಲ್ಲಿ ಗೌರಿ ಪಕ್ಕದ ಹಿತ್ತಲಿಂದ "ಅಂಬಾ" ಅಂದ್ಲು.

"ಅಗೋ ಸ್ವಾಮಿ, ಪಾಲು ಕೊಡೋಳು!" ಅಂದೆ. ಸಾಹೇಬ್ರು ನಕ್ಕು ನಕ್ಕು ಫೈಲು ಬಿಚ್ಚಿದ್ರು.

ಈಗ ಸರೋಜ ಮಳೇಲೂ ನೆಮ್ಮದಿಯಾಗಿ ಮಲಗ್ತಾಳೆ. ಗೌರಿ ಮುಂದಿನ ಅಂಗಳದಲ್ಲೇ ಇದ್ದಾಳೆ. ಸಾಹೇಬ್ರು ಬಂಗಾರಪೇಟೆಗೆ ವರ್ಗವಾಗಿ, ಯಾರು ಪಾಲು ಅಂದ್ರೂ "ಯಾವ ಪಾಲು?" ಅಂತ ಕೇಳ್ತಾರಂತೆ. ಬ್ರೋಕರ್ರು ತನ್ನ ಪಾಲು ಕೇಳ್ಕೊಂಡು ಬಂದ. ಕಾಯಿಸಿ, ಒಂದು ಲೋಟ ತುಂಬ ಕೊಟ್ಟು ಕಳಿಸ್ದೆ.