ದೊಡ್ಡವ್ವನಿಗೆ ಒಂದು ಪೂರ್ತಿ ಸಿನಿಮಾ

ಕಳೆದ ಭಾನುವಾರ ಬೆಳಿಗ್ಗೆ ಬೆಟ್ಟದಪುರದ ಬಸ್ಸಿನಲ್ಲಿ ತೊಡೆಯ ಮೇಲೆ ಒಂದು ಡಬ್ಬ ಇಟ್ಟುಕೊಂಡು ಕೂತಿದ್ದೆ. ಡಬ್ಬದಲ್ಲಿ ಹೊಸ ಪ್ರೊಜೆಕ್ಟರ್. ನನ್ನ ದೊಡ್ಡವ್ವನಿಗೆ ಗಿಫ್ಟ್. ಬಸ್ಸು ಎಲ್ಲಾದರೂ ಕೆಟ್ಟು ನಿಲ್ಲಲಿ ದೇವರೇ ಅಂತ ಬೇಡಿಕೊಳ್ಳುತ್ತಿದ್ದೆ.

ಉಡುಗೊರೆ ಕೊಡಲು ಹೊರಟವರು ಯಾರಾದರೂ ಹೀಗೆ ಬೇಡಿಕೊಳ್ಳುತ್ತಾರಾ? ನಾನು ಬೇಡಿಕೊಂಡೆ. (ನಮ್ಮ ಕಡೆಯ ಬಸ್ಸುಗಳು ಮದುವೆಗೆ, ಪರೀಕ್ಷೆಗೆ ಹೊರಟಾಗ ಮಾತ್ರ ಕೆಡುತ್ತವೆ. ಅವತ್ತಿನದು ಹತ್ತು ನಿಮಿಷ ಮೊದಲೇ ತಲುಪಿಸಿತು.)

ಆಗಿದ್ದಿಷ್ಟು. ವರ್ಷದ ಕೊನೆಯ ರಜೆ ಹತ್ತಿರ ಬಂತೆಂದರೆ ಫೋನಿನ ತುಂಬ ಗಿಫ್ಟ್ ಐಡಿಯಾಗಳು ತಾನೇ? ನನ್ನ ಫೋನಿಗೂ ಬಂತು: ಸಿನಿಮಾ ಪ್ರಿಯರಿಗೆ ಏನು ಕೊಡಬಹುದು? ಪಾಪ್‌ಕಾರ್ನ್ ಮಾಡುವ ಮೆಷೀನು. ಡೈಲಾಗ್ ಬರೆದ ಕಪ್ಪು. ಕ್ಲಾಪ್ ಬೋರ್ಡ್ ಆಕಾರದ ಗಡಿಯಾರ. ಅದನ್ನು ಗೋಡೆಗೆ ನೇತುಹಾಕಿಕೊಂಡು ಯಾರು ಯಾವ ಶಾಟ್ ತೆಗೆಯಬೇಕೋ ಗೊತ್ತಿಲ್ಲ.

ಕೊನೆಯಲ್ಲಿ ಅಂಗೈ ಅಗಲದ ಈ ಪ್ರೊಜೆಕ್ಟರ್ ಕಂಡಿತು. ತಕ್ಷಣ ದೊಡ್ಡವ್ವ ನೆನಪಾದಳು. ನನಗೆ ಗೊತ್ತಿರುವ ಸಿನಿಮಾ ಹುಚ್ಚಿನವರಲ್ಲಿ ಅವಳೇ ದೊಡ್ಡವಳು.

ದೊಡ್ಡವ್ವ ಅಂದರೆ ನಮ್ಮಮ್ಮನ ಅಕ್ಕ, ನಿಂಗಮ್ಮ. ಬೆಟ್ಟದಪುರದ ಹತ್ತಿರದ ಹಳ್ಳಿಯವಳು. ಅಲ್ಲಿ ಎಲ್ಲರ ಮನೆಯಲ್ಲೂ ತಂಬಾಕು. ಬ್ಯಾರನ್ ಅನ್ನುವ ಬಿಸಿ ಮನೆಯಲ್ಲಿ ಎಲೆ ಬೇಯಿಸುವುದು ಮುಗಿದ ಮೇಲೆ ಹೆಂಗಸರು ಅದರ ಪಕ್ಕದ ಶೆಡ್ಡಿನಲ್ಲಿ ಸುತ್ತ ಕೂತು ಎಲೆಯನ್ನು ಬಣ್ಣ ನೋಡಿ ಬೇರೆ ಮಾಡುತ್ತಾರೆ. ಹಳದಿ ಒಂದು ಕಡೆ, ಕಿತ್ತಳೆ ಒಂದು ಕಡೆ, ಕಂದು ಇನ್ನೊಂದು ಕಡೆ. ತಿಂಗಳುಗಟ್ಟಲೆ ಅದೇ ಕೆಲಸ. ಬೇಜಾರಾಗದೇ ಇರುತ್ತಾ?

ಅದಕ್ಕೇ ಅಲ್ಲೊಂದು ರೂಢಿ. ಸಿನಿಮಾ ನೋಡಿಬಂದವಳು ಕತೆ ಹೇಳಬೇಕು. ಅವಳ ಪಾಲಿನ ಎಲೆಯನ್ನು ಮಿಕ್ಕವರು ಹಂಚಿಕೊಂಡು ಬಿಡಿಸುತ್ತಾರೆ. ಆ ಶೆಡ್ಡಿನಲ್ಲಿ ಆ ಜಾಗ ನಲವತ್ತು ವರ್ಷದಿಂದ ದೊಡ್ಡವ್ವನದು. ಆಗ ವಾರಕ್ಕೊಮ್ಮೆ ಪಿರಿಯಾಪಟ್ಟಣದ ಸಂತೆಗೆ ಬೆಣ್ಣೆ ಮಾರಲು ಹೋದವಳು ಮ್ಯಾಟ್ನಿ ಆಟ ನೋಡಿಕೊಂಡು ಬರುತ್ತಿದ್ದಳು. ಆ ಟಾಕೀಸು ಮುಚ್ಚಿ ಎಷ್ಟೋ ಕಾಲವಾಯಿತು. ಹಳೇ ಕತೆಗಳನ್ನೇ ಇವತ್ತಿಗೂ ಕೇಳಿ ಹೇಳಿಸಿಕೊಳ್ಳುತ್ತಾರೆ.

ಅದರಲ್ಲಿ ಒಂದಂತೂ ನಾನೂ ರಜೆಯಲ್ಲಿ ಅವಳ ಪಕ್ಕ ಕೂತು ಹತ್ತಾರು ಸಲ ಕೇಳಿದ್ದೇನೆ. ಗಂಡ ಹೆಂಡತಿಯನ್ನು ಮಳೆಯಲ್ಲಿ ಆಚೆ ತಳ್ಳಿ ಬಾಗಿಲು ಹಾಕುತ್ತಾನೆ. ಅವಳು ಮೈಸೂರಿಗೆ ಹೋಗಿ ಬಸ್ ಸ್ಟ್ಯಾಂಡ್ ಹತ್ತಿರ ಹೋಟೆಲು ಇಡುತ್ತಾಳೆ. ಒಂದು ದಿನ ಆ ಗಂಡ ಗೊತ್ತಿಲ್ಲದೆ ಅಲ್ಲಿಗೇ ಊಟಕ್ಕೆ ಬರುತ್ತಾನೆ. ಸಾರಿನ ರುಚಿ ನೋಡಿ ಕೈ ಯಾರದೆಂದು ತಿಳಿದು ಅಳುತ್ತಾನೆ. ಅವಳು ಒಂದೇ ಮಾತು ಹೇಳುತ್ತಾಳೆ: "ಊಟ ಆಯ್ತಾ? ಎಲೆ ಎತ್ತಿ ಹೋಗಿ."

ಆ ಮಾತಿಗೆ ಶೆಡ್ಡಿಗೆ ಶೆಡ್ಡೇ ಗೊಳ್ಳೆಂದು ನಗುತ್ತಿತ್ತು. (ನಮ್ಮ ದೊಡ್ಡಪ್ಪ ತಾನು ಉಂಡ ಎಲೆ ಎತ್ತಿದ್ದನ್ನು ನಾನಂತೂ ನೋಡಿಲ್ಲ.)

ಸರಿ, ಆ ಸಿನಿಮಾವನ್ನೇ ಹುಡುಕಿ ಪೆನ್ ಡ್ರೈವಿಗೆ ಹಾಕಿಸಿದೆ. ದೊಡ್ಡವ್ವನ ಗೆಳತಿ ಸಾಕಮ್ಮನಿಗೆ ಫೋನ್ ಮಾಡಿ, ಭಾನುವಾರ ಶೆಡ್ಡಿನ ಗೋಡೆ ಮೇಲೇ ಸಿನಿಮಾ ಅಂತ ಜಂಬದಿಂದ ಹೇಳಿದೆ.

"ಆ ಹೋಟ್ಲು ಇಕ್ಕೋಳ್ದಾ? ಅಯ್ಯೋ, ತಕಂಬಾ ನಮ್ಮವ್ವ! ಎಲೆ ಎತ್ತಿಸೋದ ಕಣ್ಣಾರೆ ನೋಡ್ಬೇಕು ಕಣವ್ವ" ಅಂದಳು ಸಾಕಮ್ಮ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ.

ಶನಿವಾರ ಮಧ್ಯಾಹ್ನ ಮಷೀನು ಸರಿ ಇದೆಯಾ ನೋಡೋಣ ಅಂತ ಹುಣಸೂರಿನ ನಮ್ಮ ಮನೆಯ ಗೋಡೆ ಮೇಲೆ ಸಿನಿಮಾ ಹಾಕಿದೆ. ಇಂಟರ್ವಲ್‌ವರೆಗೆ ಎಲ್ಲವೂ ದೊಡ್ಡವ್ವ ಹೇಳಿದ ಹಾಗೇ. ಸೀರೆಯ ಬಣ್ಣ ಕೂಡ. ಆಮೇಲೆ ಹೋಟೆಲೇ ಬರಲಿಲ್ಲ! ಆ ಹೆಂಗಸು ಮಳೆಯಲ್ಲಿ ನೆನೆದು, ಕಾಯಿಲೆ ಬಿದ್ದು, ಕೊನೆಗೆ ಗಂಡನ ಕಾಲ ಮೇಲೆ ತಲೆಯಿಟ್ಟು ಸತ್ತೇ ಹೋದಳು.

ಬೇರೆ ಸಿನಿಮಾ ಇರಬೇಕು ಅಂದುಕೊಂಡೆ. ದೊಡ್ಡವ್ವ ಹೇಳುತ್ತಿದ್ದ ಇನ್ನೊಂದನ್ನು ಹುಡುಕಿ ಓಡಿಸಿ ಓಡಿಸಿ ನೋಡಿದೆ. ಅದೂ ಅರ್ಧ ಸರಿ, ಅರ್ಧ ಬೇರೆ. ಮೂರನೆಯದೂ ಹಾಗೇ. ಅಮ್ಮನಿಗೆ ಫೋನ್ ಮಾಡಿದೆ.

"ಮ್ಯಾಟ್ನಿ ಬಿಡೋದು ಐದೂವರೆಗೆ. ಊರಿಗೆ ಕೊನೇ ಬಸ್ಸು ನಾಲ್ಕೂ ಕಾಲಿಗೆ. ಅವಳು ಬಂದು ಹಾಲು ಕರೀಬೇಡ್ವಾ? ಇಂಟರ್ವಲ್‌ಗೇ ಎದ್ದು ಓಡಿ ಬರ್ತಿದ್ಳು, ಪಾಪ" ಅಂದರು ಅಮ್ಮ. ಎಲ್ಲರಿಗೂ ಗೊತ್ತಿರುವ ವಿಷಯವನ್ನು ಹೇಳುವ ಹಾಗೆ.

ಅಂದರೆ? ನನ್ನ ದೊಡ್ಡವ್ವ ಒಂದು ಸಿನಿಮಾವನ್ನೂ ಕೊನೆತನಕ ನೋಡಿಲ್ಲ. ನಾವು ಕೇಳಿದ ಅಷ್ಟೂ ಸೆಕೆಂಡ್ ಹಾಫ್ ಅವಳದೇ. ಬಸ್ಸಿನಲ್ಲಿ ಕೂತು ಕಟ್ಟಿದ್ದು.

ನಾನೀಗ ಅದನ್ನು ಊರ ಮುಂದೆ ಗೋಡೆ ಮೇಲೆ ತೋರಿಸಲು ಹೊರಟಿದ್ದೆ! ನಲವತ್ತು ವರ್ಷ ಅವಳ ಪಾಲಿನ ಎಲೆ ಬಿಡಿಸಿಕೊಟ್ಟವರು ಏನನ್ನಬಹುದು? ಸುಳ್ಳಿ ಅನ್ನುತ್ತಾರಾ? ಈ ವಯಸ್ಸಿನಲ್ಲಿ ಆ ಜಾಗ ಕಳೆದುಕೊಂಡರೆ ಅವಳು ಎಲ್ಲಿ ಹೋಗಿ ಕೂರಬೇಕು? ಬೇರೆ ಸಿನಿಮಾ ಹಾಕೋಣವೆಂದರೆ ಸಾಕಮ್ಮ ಬಿಡುತ್ತಾಳಾ?

ಧೈರ್ಯ ಮಾಡಿ ದೊಡ್ಡವ್ವನಿಗೇ ಫೋನ್ ಮಾಡಿದೆ. "ನಾಳೆ ಬೇಡ ದೊಡ್ಡವ್ವ, ನಂಗೆ ಯಾಕೋ ಜ್ವರ ಬಂದಂಗಿದೆ" ಅಂದೆ.

"ಎಲ್ರೂ ಕಾಯ್ತಾವ್ರೆ ಕಣವ್ವ. ಒಂದು ಮಾತ್ರೆ ನುಂಗ್ಬುಟ್ಟು ಬಾ." ಆಮೇಲೆ ತಾನೇ ಕೇಳಿದಳು: "ಆ ಸಿನಿಮಾ... ಪೂರ್ತಿ ಐತಾ?"

"ಪೂರ್ತಿ ಇದೆ ದೊಡ್ಡವ್ವ."

"ಆಯ್ತು ಬುಡು" ಅಂದು ಫೋನ್ ಇಟ್ಟಳು. ನಾನು ಮಾತ್ರೆ ನುಂಗಿದೆ. ಜ್ವರ ಇರಲಿಲ್ಲ, ಆದರೂ ನುಂಗಿದೆ.

ಭಾನುವಾರ ಶೆಡ್ಡಿನಲ್ಲಿ ಹದಿನೈದಿಪ್ಪತ್ತು ಹೆಂಗಸರು. ಬಾಗಿಲಿಗೆ ಟಾರ್ಪಾಲು, ಕಿಟಕಿಗೆ ಗೋಣಿಚೀಲ. ದೊಡ್ಡವ್ವ ರೇಷ್ಮೆ ಅಂಚಿನ ಸೀರೆ ಉಟ್ಟು ಎಲ್ಲರ ಮುಂದೆ ಕೂತಿದ್ದಳು. ಇರಲಿ ಅಂತ ಮಷೀನಿನ ಬಟನ್ ಒತ್ತುವುದನ್ನು ಅವಳಿಗೆ ಎರಡು ಸಲ ಹೇಳಿಕೊಟ್ಟೆ. ಅವಳೇ ಒತ್ತಿದಳು. ಗೋಡೆ ಮೇಲೆ ಸಿನಿಮಾ ಬಂತು. ಶಿಳ್ಳೆಯೂ ಬಂತು. (ಹೌದು, ಸಾಕಮ್ಮನೇ.)

ಎಲ್ಲರೂ ಗೋಡೆ ನೋಡುತ್ತಿದ್ದರು. ನಾನು ದೊಡ್ಡವ್ವನನ್ನು ನೋಡುತ್ತಿದ್ದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಮಳೆ ಬಂತು. ಗಂಡ ಬಾಗಿಲು ಹಾಕಿದ. ಪರದೆ ಮೇಲೆ ಇಂಟರ್ವಲ್ ಅಂತ ಅಕ್ಷರ ಬಿತ್ತು.

ದೊಡ್ಡವ್ವ ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಕ್ಕದಲ್ಲಿದ್ದ ಚೀಲ ಎತ್ತಿಕೊಂಡು ಬಾಗಿಲ ಕಡೆ ನಾಲ್ಕು ಹೆಜ್ಜೆ ಹಾಕಿಯೂ ಬಿಟ್ಟಳು. ಅಭ್ಯಾಸಬಲವೋ, ಹೆದರಿಕೆಯೋ?

"ಕುತ್ಕಳಮ್ಮಿ ನಿಂಗಿ," ಕತ್ತಲಲ್ಲಿ ಸಾಕಮ್ಮ ಕೂಗಿದಳು, "ಇವತ್ತು ಯಾವ ಬಸ್ಸೂ ಇಲ್ಲ!"

ಶೆಡ್ಡು ಹಾರಿಹೋಗುವ ಹಾಗೆ ನಕ್ಕರು. ದೊಡ್ಡವ್ವ ಅಲ್ಲೇ ನಿಂತುಬಿಟ್ಟಳು. "ಎಲ್ಲಾ ಗೊತ್ತಿತ್ತೇನ್ರಮ್ಮಿ ನಿಮ್ಗೆ?"

"ಇಲ್ದೆ ಏನು? ಆಟ ಬುಡೋ ಮುಂಚೇನೆ ನೀನು ಊರಲ್ಲಿ ಹಸ ಕಟ್ತಿದ್ದೆ. ನಾವೇನು ಟೇಮು ಗೊತ್ತಿಲ್ದೋರಾ?"

"ಮತ್ತೆ ಒಂದಿನಾನಾದ್ರೂ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಹೇಳೋದ ಬುಟ್ಬುಡ್ತಿದ್ದೆ" ಅಂದಳು ಸಾಕಮ್ಮ. ಆ ಮಾತಿಗೆ ಯಾರೂ ನಗಲಿಲ್ಲ. ನನಗೆ ಅಳು ಬಂತು. ಎರಡು ದಿನ ಹೆದರಿ ಸತ್ತಿದ್ದೆನಲ್ಲ, ಅದರ ಸುಸ್ತೂ ಇರಬಹುದು.

ಸಾಕಮ್ಮ ಎದ್ದು ಹೋಗಿ ಟಾರ್ಪಾಲು ಸರಿಸಿದಳು. "ದಿಟವಾಗ್ಲೂ ಏನಾಯ್ತದೋ ನೋಡಾನ ಅಂತ ಆಸೆ ಇತ್ತು ಕಣವ್ವ. ಇವಳ ಮೊಕ ನೋಡಿದ್ಮೇಕೆ ಸಾಕನ್ನಿಸ್ತು" ಅಂದವಳು, ನನ್ನ ಕಡೆ ತಿರುಗಿ ದನಿ ಏರಿಸಿದಳು. "ಅದೂ ಅಲ್ದೆ, ನಾಳೆ ಎಲೆ ಬೇಲು ಕಟ್ಟಿ ಅರಾಜಿಗೆ ಓಗ್ಬೇಕು. ಈ ಕತ್ಲಲ್ಲಿ ಎಲೆ ಬಣ್ಣ ಎಂಗ್ ಕಾಣ್ತದೆ? ಓದ್ಕಂಡಿರೋರು ಯೋಚ್ನೆ ಮಾಡ್ಬ್ಯಾಡ್ವಾ?"

ಮಾಡಿರಲಿಲ್ಲ. ಪ್ರೊಜೆಕ್ಟರಿಗೆ ಕತ್ತಲು ಬೇಕು, ಎಲೆಗೆ ಬೆಳಕು ಬೇಕು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಹತ್ತು ಸಲ ಚೆಕ್ ಮಾಡಿದವಳಿಗೆ ಇಷ್ಟು ಹೊಳೆದಿರಲಿಲ್ಲ.

ಬಾಗಿಲು ತೆರೆದರು. ಬಿಸಿಲು ಬಂದು ಗೋಡೆ ಮೇಲಿನ ಮಳೆ ಮಾಯವಾಯಿತು. ನಾನು ಮಷೀನು ಆರಿಸಿದೆ. ದೊಡ್ಡವ್ವ ಗಂಟಲು ಸರಿಮಾಡಿಕೊಂಡು, "ಅಲ್ಲಿಂದ ಅವಳು ಸೀದಾ ಮೈಸೂರಿಗೆ ಓದ್ಲು" ಅಂತ ಶುರು ಮಾಡಿದಳು. ಅವಳ ಮುಂದಿದ್ದ ಎಲೆಯನ್ನು ಸಾಕಮ್ಮ ತನ್ನ ಕಡೆ ಎಳೆದುಕೊಂಡಳು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಾನೂ ನೆಮ್ಮದಿಯಾಗಿ ಮಲಗುತ್ತಿದ್ದೆ.

ಸಂಜೆ ದೊಡ್ಡವ್ವ ಬಸ್ಸಿನವರೆಗೆ ಕಳಿಸಲು ಬಂದಳು. ಬಸ್ಸು ಕಾಣಿಸಿದ ಮೇಲೆ ನನ್ನ ಕೈ ಹಿಡಿದುಕೊಂಡಳು. ಸುತ್ತ ಯಾರೂ ಇರಲಿಲ್ಲ. ಆದರೂ ದನಿ ಇಳಿಸಿ ಕೇಳಿದಳು: "ನೀನು ಪೂರ್ತಿ ನೋಡಿದ್ದೀಯಲ್ವಾ? ಅವಳು ಕೊನೇಗೆ ಏನಾಯ್ತಾಳೆ ಮಗ?"

ಅವಳ ಮುಖ ನೋಡಿದೆ. ಅಷ್ಟು ವರ್ಷ ಆ ಹೆಂಗಸನ್ನು ಮಳೆಯಲ್ಲಿ ಬಿಟ್ಟು ಬಸ್ಸು ಹತ್ತಿ ಬಂದವಳ ಮುಖ.

"ಹೋಟೆಲು ಇಡ್ತಾಳೆ ದೊಡ್ಡವ್ವ" ಅಂದೆ.

"ಮೈಸೂರಲ್ಲಾ?"

"ಮೈಸೂರಲ್ಲೇ. ಅವನ ಕೈಲಿ ಎಲೆನೂ ಎತ್ತಿಸ್ತಾಳೆ."

"ನಾನು ಹೇಳಿರ್ಲಿಲ್ವಾ!" ಅಂದಳು. ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಬಸ್ಸು ಹೊರಟ ಮೇಲೂ ಕೈ ಬೀಸುತ್ತಲೇ ಇದ್ದಳು. ಸಿನಿಮಾ ಪ್ರಿಯರಿಗೆ ಕೊಡಬಹುದಾದ ಗಿಫ್ಟು ಇದೇ ಇರಬೇಕು ಅಂತ ನನಗೂ ಹೆಮ್ಮೆಯಾಯಿತು.

ಹುಣಸೂರಿನಲ್ಲಿ ಇಳಿದು ಮನೆ ಬೀಗದ ಕೈಗಾಗಿ ಬ್ಯಾಗಿಗೆ ಕೈ ಹಾಕಿದೆ. ಪೆನ್ ಡ್ರೈವ್ ಇರಲಿಲ್ಲ. ಅದು ಅಲ್ಲೇ ದೊಡ್ಡವ್ವನ ಮನೆಯಲ್ಲಿ, ಆ ಮಷೀನಿನಲ್ಲೇ ಉಳಿದುಹೋಗಿದೆ.

ಬಟನ್ ಒತ್ತುವುದನ್ನು ಎರಡು ಸಲ ಹೇಳಿಕೊಟ್ಟು ಬಂದವಳೂ ನಾನೇ.