ಶಂಕ್ರಪ್ಪನ ಗ್ಯಾಂಗು

ಕಾಗದದ ಕಾರ್ಖಾನೆಯ ಬಿದಿರು ಯಾರ್ಡಿನ ಮೇಸ್ತ್ರಿ, ಸೊರಗಿಹೋದ ಶಂಕ್ರಪ್ಪ ಇನ್ನು ಕ್ವಾರ್ಟರ್ಸ್ ಬಿಡುವುದು ನಾಲ್ವರ ಹೆಗಲ ಮೇಲೆಯೇ ಎಂದು ದಾಂಡೇಲಿಯ ಆ ಓಣಿಯವರೆಲ್ಲ ಹೇಳುತ್ತಿದ್ದರು. ನಳದ ಹತ್ತಿರ ಈ ಮಾತು ಮೊದಲು ತೆಗೆದವಳು ಪಕ್ಕದ ಮನೆಯ ಮಹಾದೇವಕ್ಕ. ಅದು ಶಂಕ್ರಪ್ಪನ ಹೆಂಡತಿ ಸುಶೀಲವ್ವನ ಕಿವಿಗೂ ಬಿತ್ತು. ಅವಳು ಜಗಳ ತೆಗೆಯದೆ ಕೊಡ ತುಂಬಿಕೊಂಡು ಬಂದಳು. ಆದರೆ ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು: ಈ ಮನುಷ್ಯ ರಿಟೈರಾಗಿ ತನ್ನ ಕಾಲ ಮೇಲೆ ನಡೆದೇ ಈ ಹೊಸ್ತಿಲು ದಾಟಬೇಕು.

ಶಂಕ್ರಪ್ಪನಿಗೆ ಎಚ್‌ಐವಿ ಇತ್ತು. ಸುಶೀಲವ್ವನ ರಕ್ತದಲ್ಲಿ ಅದು ಸಿಕ್ಕಿರಲಿಲ್ಲ. ಅವನ ರೋಗ ಮೊದಲಿನ ಗುಳಿಗೆಗಳಿಗೆ ಜಗ್ಗದಂತಾಗಿತ್ತು. ಹುಬ್ಬಳ್ಳಿಯ ಡಾಕ್ಟರಮ್ಮ ಹೊಸ ಗುಳಿಗೆ ಕೊಡುವಾಗ ಗಂಡಹೆಂಡಿರಿಬ್ಬರನ್ನೂ ಕೂರಿಸಿ ಚಿತ್ರ ಬರೆದು ತಿಳಿಸಿದಳು. ಈ ವೈರಸ್ಸಿನ ಗ್ಯಾಗ್ ಎಂಬ ಪ್ರೋಟೀನು ರೋಗಿಯ ಜೀವಕೋಶದೊಳಗೆ ತಯಾರಾಗಿ, ಅದರ ಗೋಡೆಯ ಒಳಮೈಗೆ ಬಂದು ಗುಂಪುಗೂಡುತ್ತದೆ. ಆ ಗೋಡೆಯ ಪೊರೆಯನ್ನೇ ಹೊದ್ದುಕೊಂಡು ಉಬ್ಬಿ ಹೊಸ ವೈರಸ್ಸಾಗಿ ಹೊರಗೆ ಕಳಚಿಕೊಳ್ಳುತ್ತದೆ. ಶಂಕ್ರಪ್ಪನಿಗೆ ಕೇಳಿಸಿದ್ದು ಗ್ಯಾಂಗ್. ಆಯುಷ್ಯವೆಲ್ಲ ಕೂಲಿಗಳ ಗ್ಯಾಂಗು ನಡೆಸಿದ ಮೇಸ್ತ್ರಿಗೆ ಬೇರೇನು ಕೇಳಿಸೀತು? ಡಾಕ್ಟರಮ್ಮ ತಿದ್ದಿದರೆ ತಿರುಗಿ ಆಕೆಯನ್ನೇ ತಿದ್ದಿದ; ಪಾಪ, ಆಕೆಗೆ ಉಚ್ಚಾರವೇ ಬರುವುದಿಲ್ಲವೆಂದು ಬಸ್ಸಿನುದ್ದಕ್ಕೂ ಮರುಗಿದ.

ಅಂದಿನಿಂದ ಚಹಾದಂಗಡಿಯಲ್ಲಿ ಅದೇ ಪುರಾಣ. ಗೇಟಿನ ಹತ್ತಿರ ಗುಂಪು ಸೇರುವುದು, ಕಾರ್ಖಾನೆಯ ಗೋಣಿಚೀಲವನ್ನೇ ಕೊಪ್ಪೆ ಮಾಡಿ ಹೊದ್ದು ಜಾರಿಕೊಳ್ಳುವುದು, ಇದೆಲ್ಲ ತನ್ನ ಹುಡುಗರ ಚಾಳಿಯೇ. ಗ್ಯಾಂಗು ಆಳುವುದನ್ನು ತನಗೆ ಯಾರೂ ಕಲಿಸಬೇಕಿಲ್ಲ. ಆಳುವವನಿಗೆ ಗುಳಿಗೆ ಯಾಕೆ? ಅದನ್ನು ನುಂಗಿದರೆ ಹೊಟ್ಟೆ ಗುಡುಗುಡು. ಕೂಲಿಗಳೆದುರು ಚರಿಗೆ ಹಿಡಿದು ಓಡಿದರೆ ಮೇಸ್ತ್ರಿಯ ಮರ್ಯಾದೆ ಏನಾಗಬೇಕು?

ಒಂದು ದಿನ ಸುಶೀಲವ್ವ ಧೂಳು ಒರೆಸುವಾಗ ದೇವರ ಫೋಟೋದ ಹಿಂದೆ ಡಬ್ಬಿ ಸಿಕ್ಕಿತು. ಮೊದಲ ಒಂದೆರಡು ಬಿಟ್ಟರೆ ಗುಳಿಗೆಗಳು ತಂದಷ್ಟೇ ಇದ್ದವು. ಆಕೆ ಡಬ್ಬಿಯನ್ನು ತಂದು ಒಲೆಯ ಪಕ್ಕ ಇಟ್ಟುಕೊಂಡಳು. ಗಂಡ ಊಟಕ್ಕೆ ಕೂತಾಗ ರೊಟ್ಟಿ ಬಡಿಯುತ್ತ ಎಲ್ಲಿಯದೋ ಮಾತು ತೆಗೆದಳು.

“ರೀ, ಬಿದರ ಕತ್ತರಸೂ ಮಶಿನ್ನು ನಿಂತ್ರ ಏನ್ ಆಕ್ಕೈತ್ರಿ?”

“ಏನ್ ಆಕ್ಕೈತಿ? ಗ್ಯಾಂಗ್ ಎಷ್ಟ್ ಲಾರಿ ಇಳಿಸಿದ್ರೂ ಉದ್ದುದ್ದ ಹಂಗ ಬಿದ್ದಿರತೈತಿ. ಒಂದ್ ಹಾಳಿ ಕಾಗದಾನೂ ಆಗೂದಿಲ್ಲ.”

“ಡಾಕ್ಟರಮ್ಮ ಹೇಳಿದ್ದೂ ಅದ. ನಿಮ್ಮ ಗ್ಯಾಂಗ್ ಹೊರಗ ಬಿದ್ರೂ ಇನ್ನೂ ಉದ್ದಕ ಇರತೈತಂತ. ತುಂಡ ತುಂಡ ಕತ್ತರಿಸಿದ್ರಷ್ಟ ಅದಕ್ಕ ಮತ್ತೊಂದು ಜೀವಕೋಶ ಹೊಗೂ ತಾಕತ್ತು. ಈ ಗುಳಿಗಿ ಆ ಕತ್ತರಸೂ ಮಶಿನ್ನ ಹಿಡದ ನಿಂದರಸ್ತೈತಿ. ನೀವು ಚಿತ್ರಾ ಎಲ್ಲಿ ನೋಡಿದ್ರಿ? ಅಕೀ ಉಚ್ಚಾರ ತಿದ್ದಾಕತ್ತಿದ್ರಿ.”

ಶಂಕ್ರಪ್ಪ ತುತ್ತನ್ನು ತಾಟಿನಲ್ಲೇ ಬಿಟ್ಟ. ಮಶಿನ್ನು ನಿಂತ ದಿನ ಯಾರ್ಡು ಹೇಗೆ ಬಿಕೋ ಅನ್ನುತ್ತದೆಂದು ಅವನಿಗಿಂತ ಚೆನ್ನಾಗಿ ಯಾರು ಬಲ್ಲರು?

“ಇದನ್ನ ಮದ್ಲ ಹೇಳಬಾರದನ,” ಎಂದು ಗೊಣಗಿ ಡಬ್ಬಿಗೆ ಕೈಚಾಚಿದ.

ಗುಳಿಗೆ ನುಂಗತೊಡಗಿದ ಮೇಲೆ ಹೊಟ್ಟೆ ಗುಡುಗಿತು. ಮಶಿನ್ನು ನಿಲ್ಲಿಸುವುದೆಂದರೆ ಸುಮ್ಮನೆ ಆಗುತ್ತದೆಯೇ ಎಂದು ಎಲ್ಲರಿಗೂ ಹೇಳುತ್ತಲೇ ಚರಿಗೆ ಹಿಡಿದು ಓಡಿದ. ಬರಬರುತ್ತ ಹೊಟ್ಟೆಯೂ ಒಗ್ಗಿತು, ಮೈಯೂ ತುಂಬಿತು.

ರಿಟೈರಾಗಿ ಕ್ವಾರ್ಟರ್ಸ್ ಬಿಡುವ ಬೆಳಿಗ್ಗೆ, ಸ್ವಂತ ಊರು ತೇರಗಾಂವಕ್ಕೆ ಸಾಮಾನು ಒಯ್ಯುವ ಟೆಂಪೊ ಬಾಗಿಲೆದುರು ನಿಂತಿತ್ತು. ನಳದ ಬಳಿ ಓಣಿಯೇ ನೆರೆದಿತ್ತು. ಶಂಕ್ರಪ್ಪ ಕಿಸೆಯಲ್ಲಿ ಡಬ್ಬಿ ಇದೆಯೇ ಎಂದು ತಡವಿ ನೋಡಿಕೊಂಡು, ಟ್ರಂಕನ್ನು ಹೊಸ್ತಿಲ ತನಕ ಎಳೆದು ತಂದ.

“ಮಾದೇವಕ್ಕಾ, ನಾಕ ಮಂದಿ ಬ್ಯಾಡ. ನೀವೊಬ್ರ ಬರ್ರಿ, ಈ ಕಡಿ ಹಿಡೀರಿ.”

ಮಹಾದೇವಕ್ಕ ನಾಲಿಗೆ ಕಚ್ಚಿಕೊಂಡು ಬಂದು ಟ್ರಂಕಿನ ಒಂದು ಹಿಡಿಕೆ ಹಿಡಿದಳು. ಇನ್ನೊಂದನ್ನು ತಾನೇ ಹಿಡಿದು ಶಂಕ್ರಪ್ಪ ಹೊಸ್ತಿಲು ದಾಟಿದ. ಸುಶೀಲವ್ವ ಹಿಂದಿನಿಂದ ಬಾಗಿಲೆಳೆದುಕೊಂಡಳು.